ದ್ವಿಚಕ್ರ ವಾಹನದ ತಪಾಸಣೆಗೆ 15 ವರ್ಷ ಕಾಯಬೇಕೇ?

ನಮ್ಮ ವ್ಯಾಪಾರದ ಸರಕು ಸಾಗಣೆಯಲ್ಲಿ ಕೊನೆಯ ಕೆಲವು ಕಿಲೋಮೀಟರುಗಳ ಭಾರವನ್ನು ಹೊರುವುದು ದ್ವಿಚಕ್ರ ವಾಹನವೇ ಎಂಬುದನ್ನು ಸದಸ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ. ಚಿಕ್ಕಪೇಟೆಯ ಬಟ್ಟೆಯ ಗಂಟು, ಸಗಟು ಔಷಧ ಮಳಿಗೆಯ ಪೆಟ್ಟಿಗೆ, ಜೆ.ಸಿ. ರಸ್ತೆಯ ಬಿಡಿಭಾಗಗಳ ಪೊಟ್ಟಣ, ಪೀಣ್ಯದ ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಲೇಪನಕ್ಕೆಂದು ಹೋಗುವ ಯಂತ್ರಭಾಗಗಳ ಚೀಲ, ಇವೆಲ್ಲವೂ 100 ಅಥವಾ 125 ಸಿ.ಸಿ.ಯ ಮೋಟಾರು ಸೈಕಲ್ಲಿನ ಹಿಂಬದಿಯಲ್ಲಿಯೇ ಸಾಗುತ್ತವೆ. ವಸೂಲಿಗೆ ಹೋಗುವ ಗುಮಾಸ್ತನೂ ಬ್ಯಾಂಕಿಗೆ ಹೋಗುವ ಹುಡುಗನೂ ಅದನ್ನೇ ಏರುತ್ತಾರೆ. ಇಷ್ಟು ದುಡಿಯುವ ಈ ವಾಹನದ ಸುಸ್ಥಿತಿಯನ್ನು ಯಾರು, ಎಷ್ಟು ಕಾಲಕ್ಕೊಮ್ಮೆ ಪರೀಕ್ಷಿಸುತ್ತಾರೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡದ್ದು ಕಡಿಮೆ.

ಕಾನೂನಿನ ಸ್ಥಿತಿ ಹೀಗಿದೆ. ಸರಕು ಸಾಗಿಸುವ ಲಗೇಜ್ ಆಟೋ ಅಥವಾ ಸಣ್ಣ ಟೆಂಪೋ ಇಟ್ಟಿರುವವರು ಎಫ್.ಸಿ. ಎಂದು ಕರೆಯುವ ಅರ್ಹತಾ ಪತ್ರವನ್ನು, ವಾಹನಕ್ಕೆ 8 ವರ್ಷ ತುಂಬುವ ತನಕ 2 ವರ್ಷಕ್ಕೊಮ್ಮೆಯೂ ಅನಂತರ ಪ್ರತಿ ವರ್ಷವೂ ಪಡೆಯಬೇಕು. ಸ್ವಂತ ಬಳಕೆಯದೆಂದು ನೋಂದಣಿಯಾದ ಮೋಟಾರು ಸೈಕಲ್ಲಿಗೆ ಈ ನಿಯಮವಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 41ನೆಯ ಕಲಮಿನಂತೆ ಅದರ ನೋಂದಣಿ 15 ವರ್ಷ ಊರ್ಜಿತವಾಗಿರುತ್ತದೆ. ಆ ಅವಧಿ ಮುಗಿದಾಗ ವಾಹನವನ್ನು ಪ್ರಾದೇಶಿಕ ಸಾರಿಗೆ ಕಚೇರಿಗೆ ಒಯ್ದು, ತಪಾಸಣೆಗೆ ಒಪ್ಪಿಸಿ, ಮುಂದಿನ 5 ವರ್ಷಗಳಿಗೆ ನವೀಕರಿಸಿಕೊಳ್ಳಬೇಕು. ನಡುವಿನ 15 ವರ್ಷಗಳಲ್ಲಿ ಕಾನೂನು ನಿಯತವಾಗಿ ನೋಡುವುದು ಹೊಗೆಯನ್ನು ಮಾತ್ರ. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ವಾಹನಗಳಿಗೆ 6 ತಿಂಗಳಿಗೊಮ್ಮೆ, ಆ ಮಾನದಂಡದ ಮತ್ತು ಅನಂತರದ ವಾಹನಗಳಿಗೆ ವರ್ಷಕ್ಕೊಮ್ಮೆ ಹೊಗೆ ತಪಾಸಣೆಯ ಪ್ರಮಾಣಪತ್ರ ಬೇಕು. ಬ್ರೇಕು ಹಿಡಿಯುತ್ತದೆಯೇ, ಹಿಂದಿನ ದೀಪ ಉರಿಯುತ್ತದೆಯೇ, ಟೈರಿನಲ್ಲಿ ಅಚ್ಚು ಉಳಿದಿದೆಯೇ ಎಂದು ಕೇಳುವವರಿಲ್ಲ.

ಈ ಲೇಖನದ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳುವುದು ಒಳಿತು. ಕಾನೂನು ಕೇಳಲಿ, ಬಿಡಲಿ, ವ್ಯಾಪಾರಕ್ಕೆ ದುಡಿಯುವ ಪ್ರತಿಯೊಂದು ದ್ವಿಚಕ್ರ ವಾಹನವನ್ನೂ ವರ್ಷಕ್ಕೊಮ್ಮೆ, ಅದನ್ನು ಓಡಿಸದ ಮತ್ತೊಬ್ಬ ತಿಳಿದವನ ಕೈಯಲ್ಲಿ ಪಟ್ಟಿ ಹಿಡಿದು ಪರೀಕ್ಷಿಸಬೇಕು. ಈ ಕಾರ್ಯವನ್ನು ಸರ್ಕಾರಕ್ಕೆ ಬಿಡದೆ ವರ್ತಕರೂ ಉದ್ದಿಮೆದಾರರೂ ತಾವೇ ಕೈಗೆತ್ತಿಕೊಳ್ಳಬೇಕು.

ಬ್ರಿಟನ್ನಿನ ಅನುಭವ

ವಾರ್ಷಿಕ ತಪಾಸಣೆಯಲ್ಲಿ ಸಣ್ಣ ಮೋಟಾರು ಸೈಕಲ್ಲುಗಳು ಯಾವ ಕಾರಣಕ್ಕೆ ಅನುತ್ತೀರ್ಣವಾಗುತ್ತವೆ ಎಂದು ತಿಳಿಯಲು ಅಂತಹ ತಪಾಸಣೆ ದೀರ್ಘಕಾಲ ನಡೆದಿರುವ ದೇಶವನ್ನು ನೋಡಬೇಕಾಗುತ್ತದೆ. ಬ್ರಿಟನ್ನಿನಲ್ಲಿ 1960ರಲ್ಲಿ ಎಂ.ಒ.ಟಿ. ಎಂಬ ಹೆಸರಿನ ಕಡ್ಡಾಯ ತಪಾಸಣೆ ಜಾರಿಗೆ ಬಂದಿತು. ಮೊದಲು ಅದು 10 ವರ್ಷ ಹಳೆಯ ವಾಹನಗಳಿಗೆ ಮಾತ್ರ ಅನ್ವಯಿಸುತ್ತಿತ್ತು. 1967ರ ವೇಳೆಗೆ ಆ ಮಿತಿ 3 ವರ್ಷಕ್ಕೆ ಇಳಿಯಿತು. ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್‌ಲೆಂಡುಗಳಲ್ಲಿ 3 ವರ್ಷ ತುಂಬಿದ ಮೋಟಾರು ಸೈಕಲ್ಲು, ಅದು ಎಷ್ಟೇ ಚಿಕ್ಕದಿರಲಿ, ಪ್ರತಿ ವರ್ಷ ಪರೀಕ್ಷೆಗೆ ನಿಲ್ಲಬೇಕು. ಮೊದಲ ಪರೀಕ್ಷೆಯನ್ನು 4ನೆಯ ವರ್ಷಕ್ಕೆ ಮುಂದೂಡಬೇಕೆಂಬ ಪ್ರಸ್ತಾಪ ಅಲ್ಲಿ ಚರ್ಚೆಗೆ ಬಂದಿತ್ತಾದರೂ 2024ರ ಜನವರಿಯಲ್ಲಿ ಸರ್ಕಾರ ಅದನ್ನು ಕೈಬಿಟ್ಟಿತು.

ಅಲ್ಲಿ ದ್ವಿಚಕ್ರ ವಾಹನದ ಹೊಗೆಯನ್ನು ಯಂತ್ರವಿಟ್ಟು ಅಳೆಯುವುದಿಲ್ಲ. ದೀಪ, ಬ್ರೇಕು, ಟೈರು, ಚಕ್ರ, ಹ್ಯಾಂಡಲ್, ಚೈನು, ಚೌಕಟ್ಟು, ಹಾರ್ನು, ಸಂಖ್ಯಾಫಲಕಗಳನ್ನು ಒಂದೊಂದಾಗಿ ನೋಡುತ್ತಾರೆ. ನಾವು ಹೊಗೆಯನ್ನು ನೋಡಿ ಉಳಿದುದನ್ನು ಬಿಟ್ಟಿದ್ದೇವೆ; ಅವರು ಉಳಿದುದನ್ನು ನೋಡಿ ಹೊಗೆಯನ್ನು ಬಿಟ್ಟಿದ್ದಾರೆ. ಎರಡೂ ಅಪೂರ್ಣವೆನ್ನಬಹುದು. ಆದರೆ ಸವಾರನ ಪ್ರಾಣ ನಿಂತಿರುವುದು ಅವರು ನೋಡುವ ಪಟ್ಟಿಯ ಮೇಲೆ ಎಂಬುದನ್ನು ಮರೆಯಲಾಗದು.

ಅಲ್ಲಿನ ಫಲಿತಾಂಶಗಳಲ್ಲಿ ಗಮನಾರ್ಹವಾದ ಸಂಗತಿಯೆಂದರೆ, ಮೋಟಾರು ಸೈಕಲ್ಲುಗಳು ಸೋಲುವ ಕಾರಣಗಳಲ್ಲಿ ಮೊದಲ ಸ್ಥಾನ ದೀಪ ಮತ್ತು ಸಂಕೇತಗಳದು. ಬ್ರೇಕು, ಟೈರು, ಹ್ಯಾಂಡಲ್ ಮತ್ತು ಸಸ್ಪೆನ್ಷನ್ನಿನ ದೋಷಗಳು ಅದರ ಹಿಂದೆ ಬರುತ್ತವೆ. ಇವುಗಳಲ್ಲಿ ಬಹುಪಾಲು ಬೀದಿಯ ಮೆಕ್ಯಾನಿಕ್ ಒಂದು ಬೆಳಗಿನಲ್ಲಿ ಸರಿಪಡಿಸಬಹುದಾದ ಸಣ್ಣ ಕೊರತೆಗಳು. ನಮ್ಮ ವಾಹನಗಳನ್ನೂ ಅದೇ ಕ್ರಮದಲ್ಲಿ ನೋಡೋಣ.

ಸೋಲಿನ ಸಾಮಾನ್ಯ ಕಾರಣಗಳು

ಮೊದಲನೆಯದು ದೀಪ. ಮುಂದಿನ ದೀಪ ಆರಿದರೆ ಸವಾರನಿಗೆ ಕೂಡಲೇ ತಿಳಿಯುತ್ತದೆ. ಹಿಂದಿನ ದೀಪ ಆರಿದರೆ ಅವನಿಗೆ ತಿಳಿಯುವುದಿಲ್ಲ. ಬ್ರೇಕು ಒತ್ತಿದಾಗ ಉರಿಯಬೇಕಾದ ಕೆಂಪು ದೀಪಕ್ಕೆ ಎರಡು ಸ್ವಿಚ್ಚುಗಳಿರುತ್ತವೆ, ಒಂದು ಕೈಬ್ರೇಕಿನಲ್ಲಿ, ಇನ್ನೊಂದು ಕಾಲಿನ ಪೆಡಲಿನಲ್ಲಿ. ಎರಡನ್ನೂ ಬೇರೆ ಬೇರೆಯಾಗಿ ಒತ್ತಿ ನೋಡದಿದ್ದರೆ ಒಂದು ಕೆಟ್ಟಿರುವುದು ಗೊತ್ತಾಗದು. ಕಾಲಿನ ಕಡೆಯ ಸ್ವಿಚ್ಚಿಗೆ ಕೆಸರು ಸಿಡಿದು ಸ್ಪ್ರಿಂಗ್ ಕಟ್ಟಿಕೊಳ್ಳುವುದು ಮಳೆಗಾಲದ ನಿತ್ಯದ ಕಥೆ. 2017ರ ಏಪ್ರಿಲ್ 1ರಿಂದ ಹೊಸ ವಾಹನಗಳಲ್ಲಿ ಇಂಜಿನ್ ಚಾಲೂ ಆದೊಡನೆ ಮುಂದಿನ ದೀಪ ತಾನಾಗಿಯೇ ಉರಿಯುವ ಏರ್ಪಾಡು ಕಡ್ಡಾಯವಾಗಿದೆ. ಹಿಂದಿನ ದೀಪದ ಮೇಲೆ ಮಾತ್ರ ಸರಕಿನ ಚೀಲ ಇಳಿಬಿದ್ದು ಅದನ್ನು ಮುಚ್ಚುವುದು ತಪ್ಪಿಲ್ಲ. ಮುಚ್ಚಿದ ದೀಪವೂ ಆರಿದ ದೀಪವೂ ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ಒಂದೇ.

ಎರಡನೆಯದು ಬ್ರೇಕು. ಬ್ರಿಟನ್ನಿನಲ್ಲಿ ಒಂದು ಬ್ರೇಕು ಶೇ. 30, ಇನ್ನೊಂದು ಶೇ. 25ರಷ್ಟಾದರೂ ದಕ್ಷತೆ ತೋರಬೇಕು; ಅದನ್ನು ಯಂತ್ರದ ಮೇಲೆ ಅಳೆಯುತ್ತಾರೆ. ನಮ್ಮಲ್ಲಿ ಅಂತಹ ಯಂತ್ರವಿಲ್ಲದಿದ್ದರೂ ಕಣ್ಣಿಗೆ ಕಾಣುವ ಗುರುತುಗಳಿವೆ. ಡ್ರಮ್ ಬ್ರೇಕಿನ ಹೊರಗಡೆ ಅನೇಕ ವಾಹನಗಳಲ್ಲಿ ಸಣ್ಣ ಬಾಣದ ಗುರುತು ಇರುತ್ತದೆ. ಬ್ರೇಕನ್ನು ಪೂರ್ತಿ ಒತ್ತಿದಾಗ ಆ ಬಾಣ ಎದುರಿನ ಗುರುತನ್ನು ಮುಟ್ಟಿದರೆ ಶೂ ಸವೆದಿದೆ ಎಂದರ್ಥ. ಇದನ್ನು ಗಮನಿಸದೆ ನಟ್ಟನ್ನು ಬಿಗಿಮಾಡುತ್ತಲೇ ಹೋಗುವುದು ನಮ್ಮ ಸಾಮಾನ್ಯ ಪದ್ಧತಿ. ಬಿಗಿ ಮಾಡಿದಾಗ ಪೆಡಲು ಸರಿಯಾದಂತೆ ಅನ್ನಿಸುತ್ತದೆ, ಒಳಗಿನ ಶೂ ಮಾತ್ರ ಲೋಹದ ತನಕ ಸವೆಯುತ್ತದೆ. 2019ರ ಏಪ್ರಿಲ್‌ನಿಂದ 125 ಸಿ.ಸಿ. ತನಕದ ಹೊಸ ವಾಹನಗಳಲ್ಲಿ ಎರಡು ಬ್ರೇಕುಗಳನ್ನು ಜೋಡಿಸಿದ ಸಿ.ಬಿ.ಎಸ್. ಅಥವಾ ಎ.ಬಿ.ಎಸ್. ಕಡ್ಡಾಯವಾಗಿದೆ. ಕೇಬಲ್ಲು ತುಕ್ಕು ಹಿಡಿದಿದ್ದರೆ, ಶೂ ಸವೆದಿದ್ದರೆ ಆ ಸೌಕರ್ಯವೂ ವ್ಯರ್ಥವೇ.

ಮೂರನೆಯದು ಟೈರು. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದ್ವಿಚಕ್ರ ವಾಹನದ ಟೈರಿನ ಅಚ್ಚಿನ ಆಳ 0.8 ಮಿಲಿಮೀಟರಿಗಿಂತ ಕಡಿಮೆಯಾಗಬಾರದು. ಅಳೆಯುವ ಸಾಧನ ಬೇಕಾಗಿಲ್ಲ. ಅಚ್ಚಿನ ಕಾಲುವೆಗಳ ತಳದಲ್ಲಿ ಸವೆತ ಸೂಚಕ ಉಬ್ಬುಗಳಿರುತ್ತವೆ, ರಬ್ಬರು ಅವುಗಳ ಮಟ್ಟಕ್ಕೆ ಇಳಿದರೆ ಟೈರಿನ ಆಯುಸ್ಸು ಮುಗಿದಂತೆ. ಸರಕು ಹೊರುವ ವಾಹನಗಳಲ್ಲಿ ಹಿಂದಿನ ಟೈರಿನ ನಡುಭಾಗವೇ ಮೊದಲು ಸವೆಯುತ್ತದೆ. ಅಂಚಿನಲ್ಲಿ ಅಚ್ಚು ಕಾಣುತ್ತಿದೆ ಎಂದು ಸವಾರ ಸಮಾಧಾನಪಟ್ಟುಕೊಂಡರೂ ನೆಲವನ್ನು ಹಿಡಿಯುವುದು ಆ ನಡುಭಾಗವೇ. ಕಡಿಮೆ ಓಡಿದ ಟೈರೂ ವರ್ಷಗಳು ಕಳೆದಂತೆ ಪಕ್ಕಗಳಲ್ಲಿ ಬಿರಿಯುತ್ತದೆ. ಟೈರಿನ ಪಕ್ಕದಲ್ಲಿ ಒತ್ತಿರುವ 4 ಅಂಕಿಗಳಲ್ಲಿ ಮೊದಲೆರಡು ತಯಾರಾದ ವಾರವನ್ನೂ ಕೊನೆಯೆರಡು ವರ್ಷವನ್ನೂ ತಿಳಿಸುತ್ತವೆ.

ನಾಲ್ಕನೆಯದು ಬೇರಿಂಗು ಮತ್ತು ಬುಷ್ಷುಗಳು. ವಾಹನವನ್ನು ಮಧ್ಯದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಚಕ್ರವನ್ನು ಎಡಬಲಕ್ಕೆ ಅಲುಗಿಸಿ ನೋಡಬೇಕು. ಕುಲುಕಾಟವಿದ್ದರೆ ಚಕ್ರದ ಬೇರಿಂಗು ಅಥವಾ ಹಿಂದಿನ ತೋಳಿನ ಬುಷ್ಷು ಸವೆದಿರುತ್ತದೆ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ ಹ್ಯಾಂಡಲನ್ನು ನಿಧಾನವಾಗಿ ತಿರುಗಿಸಿದಾಗ ನೇರ ಸ್ಥಾನದಲ್ಲಿ ಸಿಕ್ಕಿಕೊಂಡಂತೆ ತಡೆದರೆ, ಮೆಕ್ಯಾನಿಕರು ಕೋನ್ ಸೆಟ್ ಎಂದು ಕರೆಯುವ ಭಾಗ ಗುಳಿಬಿದ್ದಿದೆ. ಮುಂದಿನ ಷಾಕ್ ಅಬ್ಸಾರ್ಬರಿನಿಂದ ಎಣ್ಣೆ ಜಿನುಗುತ್ತಿದ್ದರೆ ಅದು ಸೀಲಿನ ದೋಷ. ಆ ಎಣ್ಣೆ ಬ್ರೇಕಿಗೆ ತಲಪಿದರೆ ದೋಷ ಎರಡಾಗುತ್ತದೆ.

ಐದನೆಯದು ಚೈನು. ಸಡಿಲಾದ ಚೈನು ಸ್ಪ್ರಾಕೆಟ್ಟಿನಿಂದ ಕಳಚಿ ಹಿಂದಿನ ಚಕ್ರವನ್ನು ಬಂಧಿಸಬಲ್ಲದು. ಅತಿಬಿಗಿಯಾದ ಚೈನು ಬೇರಿಂಗನ್ನು ತಿನ್ನುತ್ತದೆ. ಎಷ್ಟು ಸಡಿಲಿರಬೇಕೆಂಬುದು ತಯಾರಕರ ಕೈಪಿಡಿಯಲ್ಲಿದೆ. ಆ ಕೈಪಿಡಿಯನ್ನು ತೆರೆದು ನೋಡಿದ ಮಾಲೀಕರು ಎಷ್ಟು ಜನ ಎಂಬುದನ್ನು ಅವರವರ ವಿವೇಚನೆಗೆ ಬಿಡುತ್ತೇವೆ.

ಆರನೆಯದು ಗುರುತಿನ ದೋಷಗಳು. ನಮ್ಮಲ್ಲಿ 15 ವರ್ಷದ ನವೀಕರಣದ ವೇಳೆ ಎಡವುವುದು ಇಲ್ಲಿಯೇ. ಚಾಸಿಸ್ ಸಂಖ್ಯೆಯ ಮೇಲೆ ತುಕ್ಕು ಕೂತು, ಇಲ್ಲವೇ ಬಣ್ಣ ಬಳಿದು ಅಚ್ಚು ಓದಲಾಗದಂತಾಗಿದ್ದರೆ ವಾಹನ ಎಷ್ಟೇ ಚೆನ್ನಾಗಿ ಓಡುತ್ತಿದ್ದರೂ ಪ್ರಯೋಜನವಿಲ್ಲ. 2019ರ ಏಪ್ರಿಲ್ 1ರಿಂದ ನೋಂದಣಿಯಾದ ವಾಹನಗಳು ಅತಿ ಸುರಕ್ಷಿತ ಸಂಖ್ಯಾಫಲಕದೊಡನೆಯೇ ಬಂದಿವೆ. ಅದಕ್ಕಿಂತ ಹಳೆಯ ವಾಹನಗಳಿಗೂ ಈ ಫಲಕ ಅಳವಡಿಸಬೇಕೆಂದು ಕರ್ನಾಟಕ ಸರ್ಕಾರ 2023ರಲ್ಲಿ ಆದೇಶಿಸಿ ಅವಧಿಯನ್ನು ಹಲವು ಸಲ ವಿಸ್ತರಿಸಿತು. ತೂತುಬಿದ್ದ ಅಥವಾ ಬದಲಿಸಿದ ಸೈಲೆನ್ಸರು, ಮುರಿದ ಕನ್ನಡಿ, ಕೂಗದ ಹಾರ್ನು ಇವೂ ಇದೇ ಸಾಲಿಗೆ ಸೇರುತ್ತವೆ.

ಹೊಗೆಯ ವಿಷಯದಲ್ಲಿಯೂ ಕಾರಣಗಳು ಸರಳವಾದವೇ. 2000ದ ಮಾರ್ಚ್ ನಂತರ ತಯಾರಾದ, ಭಾರತ್ ಸ್ಟೇಜ್ 4ಕ್ಕೆ ಹಿಂದಿನ ನಾಲ್ಕು ಸ್ಟ್ರೋಕಿನ ವಾಹನಕ್ಕೆ ಇಂಗಾಲದ ಮಾನಾಕ್ಸೈಡಿನ ಮಿತಿ ಶೇ. 3.5. ಆ ಮಿತಿ ಮೀರುವುದಕ್ಕೆ ಹೆಚ್ಚಾಗಿ ಕಟ್ಟಿಕೊಂಡ ಏರ್ ಫಿಲ್ಟರು ಅಥವಾ ಹದತಪ್ಪಿದ ಕಾರ್ಬ್ಯುರೇಟರು ಕಾರಣವಾಗಿರುತ್ತದೆ. ಅವನ್ನು ಸರಿಪಡಿಸಿದರೆ ಪೆಟ್ರೋಲಿನ ಖರ್ಚೂ ಇಳಿಯುತ್ತದೆ.

ದುರಸ್ತಿ ಬೇರೆ, ತಪಾಸಣೆ ಬೇರೆ

“ನಮ್ಮ ಬೈಕುಗಳಿಗೆ ಕಾಲಕಾಲಕ್ಕೆ ಸರ್ವಿಸ್ ಮಾಡಿಸುತ್ತೇವಲ್ಲ, ಮತ್ತೇಕೆ ತಪಾಸಣೆ?” ಎಂದು ಕೇಳುವವರಿದ್ದಾರೆ. ಸರ್ವಿಸ್ ಎಂದರೆ ಎಣ್ಣೆ ಬದಲಾವಣೆ ಮತ್ತು ಸವಾರ ಹೇಳಿದ ದೂರಿಗೆ ಪರಿಹಾರ. ಸವಾರನಿಗೆ ತಿಳಿಯದ ದೋಷ ಸರ್ವಿಸಿನಲ್ಲಿ ಬೆಳಕಿಗೆ ಬರುವುದು ಅದೃಷ್ಟವಿದ್ದರೆ ಮಾತ್ರ. ಬ್ರೇಕು ಒಂದೇ ದಿನದಲ್ಲಿ ಕೆಡುವುದಿಲ್ಲ. ತಿಂಗಳುಗಟ್ಟಲೆ ಸ್ವಲ್ಪಸ್ವಲ್ಪವಾಗಿ ಸಡಿಲುತ್ತದೆ. ಅದನ್ನು ದಿನವೂ ಓಡಿಸುವವನ ಕಾಲು ಆ ಸಡಿಲಿಕೆಗೆ ಒಗ್ಗಿಕೊಳ್ಳುತ್ತದೆ. ‘ಬ್ರೇಕು ಚೆನ್ನಾಗಿಯೇ ಇದೆ’ ಎಂದು ಅವನು ಹೇಳುವುದು ಸುಳ್ಳಲ್ಲ, ಅಭ್ಯಾಸ. ಈ ಕಾರಣದಿಂದಲೇ ವರ್ಷಕ್ಕೊಮ್ಮೆ ಬೇರೊಬ್ಬನ ಕಣ್ಣೂ ಕೈಯೂ ಬೇಕಾಗುತ್ತವೆ. ನಮ್ಮ ಲೆಕ್ಕಪತ್ರಗಳನ್ನು ಗುಮಾಸ್ತರು ಎಷ್ಟೇ ಚೆನ್ನಾಗಿ ಬರೆದರೂ ವರ್ಷಕ್ಕೊಮ್ಮೆ ಲೆಕ್ಕಪರಿಶೋಧಕರ ಮುಂದಿಡುವುದಿಲ್ಲವೇ? ಇದೂ ಅದೇ ತತ್ತ್ವ.

“ಬೈಕು ಹುಡುಗನದೇ, ನಾವು ಪೆಟ್ರೋಲು ಭತ್ಯೆ ಮಾತ್ರ ಕೊಡುತ್ತೇವೆ” ಎಂಬ ಮಾತೂ ಕೇಳಿಬರುತ್ತದೆ. ಬೈಕು ಅವನದಿರಬಹುದು, ಅದರ ಮೇಲಿನ ಸರಕು ನಮ್ಮದು, ಅದು ಓಡುವ ದೂರ ನಮ್ಮದು, ಅವಸರವೂ ಬಹುತೇಕ ನಮ್ಮದೇ. ಮನೆಗೂ ಕೆಲಸಕ್ಕೂ ಓಡಾಡುವ ಬೈಕಿಗಿಂತ ದಿನವಿಡೀ ಭಾರ ಹೊತ್ತು ತಿರುಗುವ ಬೈಕು ಬೇಗ ಸವೆಯುತ್ತದೆ. ಆ ಸವೆತದ ಖರ್ಚನ್ನು ತಿಂಗಳ ಸಂಬಳದಲ್ಲಿ ಮನೆ ನಡೆಸುವ ಹುಡುಗನ ತಲೆಗೆ ಕಟ್ಟಿದರೆ, ಅವನು ಟೈರು ಬದಲಿಸುವುದನ್ನು ಮುಂದಿನ ತಿಂಗಳಿಗೆ ಹಾಕುವುದು ಸಹಜ. ಕೆಲಸದ ಮೇಲಿರುವಾಗ ಗಾಯಗೊಂಡ ನೌಕರನಿಗೆ ಪರಿಹಾರ ಕೊಡುವ ಹೊಣೆ ಮಾಲೀಕನದೆಂಬ ತತ್ತ್ವ ನಮ್ಮ ಕಾನೂನಿನಲ್ಲಿ 1923ರಿಂದಲೂ ನೆಲೆನಿಂತಿದೆ ಎಂಬುದನ್ನೂ ಇಲ್ಲಿ ನೆನೆಯಬೇಕು.

ವಿಮೆಯ ದೃಷ್ಟಿಯೂ ಒಂದಿದೆ. ವಾಹನವನ್ನು ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ವಿಮೆದಾರನು ಸೂಕ್ತ ಕ್ರಮಗಳನ್ನು ಕೈಗೊಳ್ಳಬೇಕೆಂಬ ಷರತ್ತು ಮೋಟಾರು ವಿಮಾ ಪತ್ರಗಳಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ. ಸ್ವಂತ ವಾಹನದ ಹಾನಿಗೆ ಪರಿಹಾರ ಕೇಳಿದ ದಿನ ಆ ಸಾಲನ್ನು ನಮಗೆ ಓದಿ ಹೇಳುವವರು ಬರಬಹುದು. ಆ ಹೊತ್ತಿಗೆ ವರ್ಷದ ತಪಾಸಣೆಯ ಚೀಟಿ ಕಡತದಲ್ಲಿದ್ದರೆ ಉತ್ತರ ಹೇಳುವುದು ಸುಲಭ.

ಇವೆಲ್ಲಕ್ಕಿಂತ ದೊಡ್ಡ ಲೆಕ್ಕ ಒಂದಿದೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಮಡಿದರು. ಅವರಲ್ಲಿ ಶೇ. 44.5ರಷ್ಟು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇವೆಲ್ಲವೂ ವಾಹನದ ದೋಷದಿಂದಲೇ ಆದವೆಂದು ಹೇಳಲಾಗದು. ವೇಗ, ರಸ್ತೆಯ ಗುಂಡಿ, ಹೆಲ್ಮೆಟ್ ಇಲ್ಲದಿರುವುದು, ಎದುರಿನವರ ತಪ್ಪು ಎಲ್ಲವೂ ಸೇರಿವೆ. ಆದರೆ ಗುಂಡಿಯನ್ನು ಮುಚ್ಚುವುದು ನಮ್ಮ ಕೈಯಲ್ಲಿಲ್ಲ, ಬ್ರೇಕು ಶೂ ಬದಲಿಸುವುದು ನಮ್ಮ ಕೈಯಲ್ಲಿದೆ.

ಸರ್ಕಾರವೇ ಮಾಡಲಿ ಎನ್ನಬಾರದೇಕೆ?

ಹಾಗಾದರೆ ಬ್ರಿಟನ್ನಿನಂತೆ ವಾರ್ಷಿಕ ತಪಾಸಣೆಯನ್ನು ಕಾನೂನಿನಿಂದಲೇ ಕಡ್ಡಾಯ ಮಾಡಬೇಕೆಂದು ಒತ್ತಾಯಿಸೋಣವೇ? ಈಗಿನ ಸ್ಥಿತಿಯಲ್ಲಿ ಅದು ವಿವೇಕವಾಗಲಾರದು. ನಮ್ಮ ರಾಜ್ಯದಲ್ಲಿ ದ್ವಿಚಕ್ರ ವಾಹನಗಳ ಸಂಖ್ಯೆ ಕೋಟಿಯ ಗಡಿಯನ್ನು ಎಂದೋ ದಾಟಿದೆ. ಅಷ್ಟನ್ನೂ ಪ್ರತಿ ವರ್ಷ ಸಾರಿಗೆ ಕಚೇರಿಯ ಅಂಗಳಕ್ಕೆ ತರಿಸಿದರೆ ಸಾಲು ಬೆಳೆಯುತ್ತದೆ, ಸಾಲಿನ ಜೊತೆಗೆ ದಲ್ಲಾಳಿಯೂ ಬೆಳೆಯುತ್ತಾನೆ. ವಾಹನ ಮನೆಯಲ್ಲಿಯೇ ಇದ್ದು ಕಾಗದ ಮಾತ್ರ ಕೈಸೇರುವ ದಾರಿ ತೆರೆಯುತ್ತದೆ. ಶುಲ್ಕದ ಅನುಭವವೂ ನಮ್ಮ ಮುಂದಿದೆ. 15 ವರ್ಷದ ಮೋಟಾರು ಸೈಕಲ್ಲಿನ ನೋಂದಣಿ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್ 1ರಿಂದ 300 ರೂಪಾಯಿಗಳಿಂದ 1,000 ರೂಪಾಯಿಗಳಿಗೆ ಏರಿಸಲಾಯಿತು. ಹೆಚ್ಚಿದ ಶುಲ್ಕ ಹಳೆಯ ವಾಹನವನ್ನು ಮೂಲೆಗೆ ಸರಿಸಬಲ್ಲದು; ಓಡುತ್ತಿರುವ ವಾಹನದ ಬ್ರೇಕನ್ನು ಅದು ಸರಿಪಡಿಸುವುದಿಲ್ಲ.

ಬ್ರಿಟನ್ನಿನ ಪದ್ಧತಿಯಲ್ಲಿ ಅನುಕರಣೀಯವಾದ ಎರಡು ಅಂಶಗಳಿವೆ. ಅಲ್ಲಿ ಪರೀಕ್ಷೆ ನಡೆಸುವುದು ಮುಖ್ಯವಾಗಿ ಪರವಾನಗಿ ಪಡೆದ ಖಾಸಗಿ ಗ್ಯಾರೇಜುಗಳು. ಸರ್ಕಾರ ಅವುಗಳ ಮೇಲೆ ನಿಗಾ ಇಡುತ್ತದೆ. ಪರೀಕ್ಷಿಸುವವರೇ ದುರಸ್ತಿಯನ್ನೂ ಮಾಡುವಲ್ಲಿ ಸ್ವಾರ್ಥದ ಸೋಂಕು ತಗಲುವ ಭಯವಿದ್ದೇ ಇದೆ. ಅದಕ್ಕೆ ಮದ್ದೆಂಬಂತೆ, ಯಾವುದೇ ವಾಹನದ ಹಿಂದಿನ ಫಲಿತಾಂಶಗಳನ್ನು ನೋಂದಣಿ ಸಂಖ್ಯೆಯ ಆಧಾರದಿಂದ ಯಾರು ಬೇಕಾದರೂ ಉಚಿತವಾಗಿ ನೋಡಬಹುದು. ಎರಡನೆಯದಾಗಿ, 2018ರಿಂದ ದೋಷಗಳನ್ನು ಅಪಾಯಕಾರಿ, ಪ್ರಮುಖ, ಸಣ್ಣ ಎಂದು ವಿಂಗಡಿಸುತ್ತಾರೆ. ಸಣ್ಣ ದೋಷಕ್ಕೆ ವಾಹನವನ್ನು ಅನುತ್ತೀರ್ಣಗೊಳಿಸದೆ ಎಚ್ಚರಿಕೆ ಮಾತ್ರ ಬರೆದುಕೊಡುತ್ತಾರೆ. ನಾಳೆ ನಮ್ಮಲ್ಲಿ ಇಂತಹ ಕಾನೂನು ಬರುವುದಾದರೆ ಈ ಎರಡು ಅಂಶಗಳಿಲ್ಲದೆ ಬರಬಾರದೆಂದು ಹೇಳುವ ಅಧಿಕಾರ, ಇಂದು ತಾವಾಗಿಯೇ ತಪಾಸಣೆ ನಡೆಸಿ ತೋರಿಸಿದವರಿಗೆ ಇರುತ್ತದೆ.

ಸಣ್ಣ ತಯಾರಕರ ಪಾತ್ರ

ನಮ್ಮ ಸದಸ್ಯರಲ್ಲಿ ಬಿಡಿಭಾಗ ತಯಾರಿಸುವವರೂ ಮಾರುವವರೂ ಇದ್ದಾರೆ. ಅವರಿಗೊಂದು ಮಾತು. ತಪಾಸಣೆಯ ಪದ್ಧತಿ ಬೇರೂರಿದರೆ ಬ್ರೇಕು ಶೂ, ಕೇಬಲ್, ಬುಷ್ಷು, ರಬ್ಬರು ಭಾಗ, ಬಲ್ಬುಗಳಿಗೆ ಬೇಡಿಕೆ ವರ್ಷವಿಡೀ ಸಮನಾಗಿ ಬರುತ್ತದೆ. ಆದರೆ ಆ ಬೇಡಿಕೆ ನಕಲಿ ಸರಕಿನ ಪಾಲಾಗಬಾರದು. ಹೆಸರಾಂತ ಕಂಪನಿಯ ಡಬ್ಬಿಯಲ್ಲಿ ತುಂಬಿದ ಕಳಪೆ ಶೂ ನೋಡಲು ಒಂದೇ ತೆರನಾಗಿದ್ದರೂ ಬಿಸಿಯಾದಾಗ ಹಿಡಿತ ಬಿಡುತ್ತದೆ. ಟೈರುಗಳಿಗೆ 2009ರ ಗುಣಮಟ್ಟ ನಿಯಂತ್ರಣ ಆದೇಶದ ಮೂಲಕ ಐ.ಎಸ್.ಐ. ಗುರುತು ಕಡ್ಡಾಯವಾಗಿದೆ. ಅದಿಲ್ಲದ ಟೈರು ಎಷ್ಟೇ ಅಗ್ಗವಾದರೂ ಅಂಗಡಿಗೆ ಬರಗೊಡಬಾರದು. ಸ್ವಂತ ಹೆಸರಿನಲ್ಲಿ, ತಯಾರಿಕೆಯ ದಿನಾಂಕ ಅಚ್ಚೊತ್ತಿ ಮಾರುವ ಸಣ್ಣ ತಯಾರಕನಿಗೆ ಮೊದಲ ವರ್ಷ ಕಷ್ಟವಾದೀತು. ಹತ್ತು ವರ್ಷ ಉಳಿಯುವವನು ಅವನೇ.

ಮಾಡಬಹುದಾದ ಕಾರ್ಯ

ವಾಣಿಜ್ಯ ಸಂಸ್ಥೆಗಳು ತಮ್ಮ ತಮ್ಮ ಊರಿನಲ್ಲಿ ವರ್ಷಕ್ಕೊಂದು ಭಾನುವಾರ, ಮುಂಗಾರಿಗೆ ಮೊದಲು, ಮೇ ತಿಂಗಳಿನಲ್ಲಿ ತಪಾಸಣಾ ಶಿಬಿರ ಏರ್ಪಡಿಸುವುದು ಕಷ್ಟವಲ್ಲ. ಎ.ಪಿ.ಎಂ.ಸಿ. ಅಂಗಳವಾಗಲಿ ಕೈಗಾರಿಕಾ ವಸಾಹತಿನ ಬಯಲಾಗಲಿ ಸಾಕು. ಊರಿನ ಮೆಕ್ಯಾನಿಕರನ್ನೂ ಐ.ಟಿ.ಐ. ಹಾಗೂ ಪಾಲಿಟೆಕ್ನಿಕ್ ವಿದ್ಯಾರ್ಥಿಗಳನ್ನೂ ಕರೆಯಬಹುದು. ಮೇಲೆ ಹೇಳಿದ ದೋಷಗಳನ್ನು ಒಂದು ಪುಟದ ಪಟ್ಟಿಯಾಗಿ ಅಚ್ಚುಹಾಕಿಸಿ, ಪ್ರತಿ ವಾಹನಕ್ಕೂ ಒಂದು ಚೀಟಿ ತುಂಬಿ ಕೊಡಬೇಕು. ‘ಓಡಿಸಬೇಡಿ’, ‘ಒಂದು ವಾರದೊಳಗೆ ಸರಿಪಡಿಸಿ’, ‘ಗಮನವಿಡಿ’ ಎಂಬ ಮೂರು ವಿಂಗಡಣೆ ಸಾಕು. ನೌಕರರ ಸ್ವಂತ ಬೈಕುಗಳನ್ನೂ ಸೇರಿಸಿಕೊಳ್ಳಬೇಕು, ಅವುಗಳ ದುರಸ್ತಿಯ ಖರ್ಚಿನಲ್ಲಿ ಅರ್ಧವನ್ನಾದರೂ ಅಂಗಡಿಯೇ ಭರಿಸಬೇಕು. ಹಿಂದಿನ ದೀಪದ ಬಲ್ಬಿನ ಬೆಲೆ ಒಂದು ಊಟದ ಬೆಲೆಯನ್ನು ಮೀರುವುದಿಲ್ಲ. ಬ್ರೇಕು ಶೂ, ಕೇಬಲ್ಲು, ಚೈನಿನ ಹೊಂದಾಣಿಕೆ ಎಲ್ಲ ಸೇರಿದರೂ ಒಂದು ದಿನದ ವ್ಯಾಪಾರದ ಲಾಭವನ್ನು ತಿನ್ನುವಷ್ಟಾಗದು.

ನಮ್ಮ ತಕ್ಕಡಿ ಮತ್ತು ತೂಕದ ಬಟ್ಟುಗಳನ್ನು ಕಾಲಕಾಲಕ್ಕೆ ಪರೀಕ್ಷೆಗೆ ಒಪ್ಪಿಸಿ ಮುದ್ರೆ ಹಾಕಿಸಿಕೊಳ್ಳುತ್ತೇವೆ. ಗಿರಾಕಿಗೆ ತೂಕದಲ್ಲಿ ಮೋಸವಾಗಬಾರದೆಂಬುದು ಅದರ ಉದ್ದೇಶ. ನಮ್ಮ ಸರಕನ್ನು ಹೊತ್ತು ಮಳೆಯಲ್ಲಿ, ಕತ್ತಲಲ್ಲಿ ತಿರುಗುವ ಹುಡುಗನ ವಾಹನಕ್ಕೂ ಅಷ್ಟೇ ಕಾಳಜಿ ಸಲ್ಲಬೇಕು. ಬರುವ ಮುಂಗಾರಿನೊಳಗೆ ಪ್ರತಿಯೊಬ್ಬ ಸದಸ್ಯರೂ ತಮ್ಮ ಅಂಗಡಿಯ ಮುಂದೆ ನಿಲ್ಲುವ ಬೈಕುಗಳ ಹಿಂದೆ ಹೋಗಿ ನಿಂತು, ಬ್ರೇಕು ಒತ್ತಿಸಿ, ಕೆಂಪು ದೀಪ ಉರಿಯುವುದೇ ಎಂದು ನೋಡಲಿ. ಕಾರ್ಯಾರಂಭಕ್ಕೆ ಅಷ್ಟು ಸಾಕು.